ನರ್ಸಿಂಗ್ ಓದು: ಸಾಲವೆಷ್ಟು, ಸಂಬಳವೆಷ್ಟು?



ದ್ವಿತೀಯ ಪಿ.ಯು.ಸಿ. ಫಲಿತಾಂಶ ಹೊರಬಿದ್ದ ವಾರದಿಂದ ನಮ್ಮ ಸಂಘಗಳ ಮುಂದೆ ಬೆಳಗಿನ ಹೊತ್ತು ಹಾಲಿನ ಮಾತಿಗಿಂತ ಮಕ್ಕಳ ಓದಿನ ಮಾತೇ ಹೆಚ್ಚು. ಅರಸೀಕೆರೆಯ ತೆಂಗಿನ ಸೀಮೆಯಿರಲಿ, ಬೇಲೂರಿನ ಮಲೆನಾಡಿನ ಅಂಚಿನ ಊರುಗಳಿರಲಿ, ಹಳೇಬೀಡಿನ ಸುತ್ತಲ ರಾಗಿ, ಜೋಳದ ಹೊಲಗಳಿರಲಿ, ಕ್ಯಾನು ಹಿಡಿದು ಸಾಲಿನಲ್ಲಿ ನಿಂತ ತಂದೆ ತಾಯಿಯರು ಕೇಳುವ ಪ್ರಶ್ನೆ ಒಂದೇ: "ಮಗಳನ್ನು ನರ್ಸಿಂಗ್‌ಗೆ ಸೇರಿಸಬೇಕೆಂದಿದ್ದೇವೆ. ಸಾಲ ಮಾಡಿ ಸೇರಿಸಿದರೆ ತೀರುತ್ತದೆಯೇ?"

ಇದು ಒಳ್ಳೆಯ ಪ್ರಶ್ನೆ. ನರ್ಸಿಂಗ್ ಗೌರವದ ವೃತ್ತಿ. ಓದಿದವರಿಗೆ ಕೆಲಸ ಸಿಗದೆ ಹೋಗುವುದು ಅಪರೂಪ. ಆದರೆ ಕೆಲಸ ಸಿಗುವುದು ಬೇರೆ, ಆ ಕೆಲಸದ ಸಂಬಳದಲ್ಲಿ ಸಾಲ ತೀರುವುದು ಬೇರೆ. ಈ ಎರಡನ್ನೂ ಒಂದೇ ಎಂದು ತಿಳಿದ ಅನೇಕ ಕುಟುಂಬಗಳು ಮಕ್ಕಳು ಕೆಲಸಕ್ಕೆ ಸೇರಿದ ಮೇಲೂ ಹಾಲಿನ ಬಟವಾಡೆಯ ಹಣದಿಂದಲೇ ಬ್ಯಾಂಕಿನ ಕಂತು ಕಟ್ಟುವ ಸ್ಥಿತಿಗೆ ಬಂದಿವೆ. ಸೀಟು ಹಿಡಿಯುವ ಮೊದಲು ಮಾಡಬೇಕಾದ ಲೆಕ್ಕವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ರಾಸು ಕೊಳ್ಳುವಾಗಿನ ಎಚ್ಚರ

ಸಂತೆಯಲ್ಲಿ ರಾಸು ಕೊಳ್ಳುವಾಗ ನೀವು ಏನು ಮಾಡುತ್ತೀರಿ? ಮಾರುವವನು "ಇಪ್ಪತ್ತು ಲೀಟರ್ ಕೊಡುತ್ತದೆ" ಎಂದ ಮಾತ್ರಕ್ಕೆ ದುಡ್ಡು ಎಣಿಸುವುದಿಲ್ಲ. ಎಷ್ಟನೆಯ ಸೂಲು ಎಂದು ಕೇಳುತ್ತೀರಿ, ಕೆಚ್ಚಲು ನೋಡುತ್ತೀರಿ, ಸಾಧ್ಯವಾದರೆ ಎರಡು ಮೂರು ಹೊತ್ತು ನಿಮ್ಮ ಕೈಯಿಂದಲೇ ಕರೆದು ನೋಡುತ್ತೀರಿ. ಹಿಂಡಿ, ಬೂಸಾ, ಮೇವಿನ ಖರ್ಚು ಕಳೆದು ಉಳಿಯುವುದೆಷ್ಟು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತೀರಿ. ಒಂದು ಹಸುವಿಗೆ ಇಷ್ಟು ಎಚ್ಚರ ವಹಿಸುವ ನಾವು, ಅದರ ಹಲವು ಪಟ್ಟು ಹಣ ಬೇಡುವ ಕಾಲೇಜು ಸೀಟಿನ ವಿಷಯದಲ್ಲಿ ಬಣ್ಣದ ಕರಪತ್ರವನ್ನೋ ಮಧ್ಯವರ್ತಿಯ ಮಾತನ್ನೋ ನಂಬಿಬಿಡುತ್ತೇವೆ.

ಓದಿನ ಸಾಲದ ಲೆಕ್ಕವೂ ಕಡಸು ಸಾಕಿದ ಲೆಕ್ಕದಂತೆಯೇ. ಮೊದಲ ಕೆಲವು ವರ್ಷ ಖರ್ಚು ಮಾತ್ರ, ಆದಾಯವಿಲ್ಲ. ಆ ಖರ್ಚಿನ ಮೇಲೆ ಬಡ್ಡಿ ಬೆಳೆಯುತ್ತಿರುತ್ತದೆ. ಆಮೇಲೆ ಬರುವ ಆದಾಯದಲ್ಲಿ ಸಾಕುವ ಖರ್ಚು ಕಳೆದು ಉಳಿದದ್ದು ಮಾತ್ರ ಸಾಲಕ್ಕೆ ಸಲ್ಲುತ್ತದೆ.

ಮೂರು ಬಗೆಯ ಕೋರ್ಸುಗಳು

ಮೊದಲು ಕೋರ್ಸುಗಳ ವ್ಯತ್ಯಾಸ ತಿಳಿದಿರಬೇಕು.

ಎ.ಎನ್‌.ಎಂ. ಎರಡು ವರ್ಷದ ತರಬೇತಿ, ಹೆಣ್ಣು ಮಕ್ಕಳಿಗೆ ಮೀಸಲು. ಹಳ್ಳಿಗಳ ಉಪಕೇಂದ್ರಗಳಲ್ಲಿ ತಾಯಿ ಮಕ್ಕಳ ಆರೋಗ್ಯ ನೋಡಿಕೊಳ್ಳುವ ಸಹೋದರಿಯರು ಈ ತರಬೇತಿ ಪಡೆದವರು.

ಜಿ.ಎನ್‌.ಎಂ. ಮೂರು ವರ್ಷದ ಡಿಪ್ಲೊಮಾ. ವಿಜ್ಞಾನ ಓದದೆ ಕಲೆ ಅಥವಾ ವಾಣಿಜ್ಯ ವಿಭಾಗದಲ್ಲಿ ಪಿ.ಯು.ಸಿ. ಮುಗಿಸಿದವರಿಗೂ ಇದರಲ್ಲಿ ಅವಕಾಶವಿದೆ. ಹುಡುಗರೂ ಸೇರಬಹುದು.

ಬಿ.ಎಸ್‌ಸಿ. ನರ್ಸಿಂಗ್ ನಾಲ್ಕು ವರ್ಷದ ಪದವಿ. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಕರ್ನಾಟಕದಲ್ಲಿ ಈ ಪದವಿಯನ್ನು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ನೀಡುತ್ತದೆ. 2023ರಿಂದ ಸರ್ಕಾರಿ ಕೋಟಾದ ಸೀಟುಗಳ ಹಂಚಿಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿ.ಇ.ಟಿ. ಮೂಲಕ ನಡೆಯುತ್ತಿದೆ. ಆದ್ದರಿಂದ ನರ್ಸಿಂಗ್ ಓದಲಿಚ್ಛಿಸುವ ಮಗು ಪಿ.ಯು.ಸಿ. ಎರಡನೆಯ ವರ್ಷದಲ್ಲಿರುವಾಗಲೇ ಸಿ.ಇ.ಟಿ.ಗೆ ಅರ್ಜಿ ಹಾಕಿರಬೇಕು. ಅರ್ಜಿ ಹಾಕದಿದ್ದರೆ ಕಡಿಮೆ ಶುಲ್ಕದ ಸೀಟಿನ ಬಾಗಿಲು ಅಲ್ಲಿಗೇ ಮುಚ್ಚಿದಂತೆ.

ಜಿ.ಎನ್‌.ಎಂ. ಮುಗಿಸಿದವರು ಮುಂದೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್‌ಸಿ. ಓದಿ ಪದವಿ ಪಡೆಯಬಹುದು. ಈ ದಾರಿ ಇದೆಯೆಂಬುದನ್ನು ಸಾಲದ ಲೆಕ್ಕ ಹಾಕುವಾಗ ನೆನಪಿನಲ್ಲಿಡಬೇಕು.

ಖರ್ಚೆಂದರೆ ಕಾಲೇಜು ಶುಲ್ಕ ಮಾತ್ರವಲ್ಲ

ಕಾಲೇಜಿನವರು ಹೇಳುವುದು ಬೋಧನಾ ಶುಲ್ಕವನ್ನು. ಹಾಸ್ಟೆಲ್, ಊಟ, ಸಮವಸ್ತ್ರ, ಪುಸ್ತಕ, ಪರೀಕ್ಷಾ ಶುಲ್ಕ, ಆಸ್ಪತ್ರೆ ತರಬೇತಿಗೆ ಓಡಾಡುವ ಖರ್ಚು, ಕೊನೆಗೆ ನರ್ಸಿಂಗ್ ಕೌನ್ಸಿಲ್ ನೋಂದಣಿ, ಇವೆಲ್ಲ ಬೇರೆ. ಹೀಗಾಗಿ ಒಂದು ಹಾಳೆಯಲ್ಲಿ ವರ್ಷವಾರು ಬರೆದು ಕೂಡಿಸಿ.

ಉದಾಹರಣೆಗೆ ಎರಡು ಬಿ.ಎಸ್‌ಸಿ. ಸೀಟುಗಳನ್ನು ಹೋಲಿಸೋಣ. ಕೆಳಗಿನ ಅಂಕಿಗಳು ಲೆಕ್ಕದ ರೀತಿ ತೋರಿಸಲು ಹಿಡಿದವು. ನಿಮ್ಮ ಕಾಲೇಜಿನ ಅಂಕಿಗಳನ್ನು ಅವುಗಳ ಜಾಗದಲ್ಲಿ ಹಾಕಿಕೊಳ್ಳಬೇಕು.

ಮೊದಲನೆಯ ಸೀಟಿಗೆ ಎಲ್ಲ ಸೇರಿ ವರ್ಷಕ್ಕೆ 60,000 ರೂ. ಎಂದಿಟ್ಟುಕೊಳ್ಳೋಣ. ನಾಲ್ಕು ವರ್ಷಕ್ಕೆ 2,40,000 ರೂ. ಎರಡನೆಯ ಸೀಟಿಗೆ ಶುಲ್ಕ 1,00,000, ಹಾಸ್ಟೆಲ್ ಮತ್ತು ಊಟ 60,000, ಇತರೆ 20,000, ಹೀಗೆ ವರ್ಷಕ್ಕೆ 1,80,000 ರೂ. ನಾಲ್ಕು ವರ್ಷಕ್ಕೆ 7,20,000 ರೂ. ಓದು ಮುಗಿದಾಗ ಇಬ್ಬರೂ ಪಡೆಯುವುದು ಒಂದೇ ವಿಶ್ವವಿದ್ಯಾಲಯದ ಒಂದೇ ಪದವಿ. ಕೆಲಸ ಕೊಡುವ ಆಸ್ಪತ್ರೆ ಹೆಚ್ಚು ಶುಲ್ಕ ಕಟ್ಟಿದವರೆಂದು ಹೆಚ್ಚು ಸಂಬಳ ಕೊಡುವುದಿಲ್ಲ.

ಮನೆಯಿಂದ ಓಡಾಡಿ ಓದುವ ಅವಕಾಶವಿದ್ದರೆ ಹಾಸ್ಟೆಲ್ ಖರ್ಚು ಉಳಿಯುತ್ತದೆ. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಡಿ ರಾಜ್ಯದ ಹೆಣ್ಣು ಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಬೇಲೂರು, ಹಳೇಬೀಡಿನಿಂದ ಹಾಸನಕ್ಕೆ ಬಸ್ಸಿನ ಅನುಕೂಲವಿದೆ. ಅರಸೀಕೆರೆಯವರಿಗೆ ರೈಲೂ ಇದೆ. ಆದರೆ ಬೆಳಗಿನ ಪಾಳಿ ಮತ್ತು ರಾತ್ರಿ ಪಾಳಿಯ ತರಬೇತಿ ಇರುವ ಕಾರಣ ಕೆಲವು ಕಾಲೇಜುಗಳು ಹಾಸ್ಟೆಲ್ ಕಡ್ಡಾಯ ಮಾಡುತ್ತವೆ. ಇದನ್ನು ಮೊದಲೇ ಕೇಳಿ ತಿಳಿಯಿರಿ.

ಬ್ಯಾಂಕಿನ ಸಾಲ ಬೆಳೆಯುವ ಬಗೆ

ಶಿಕ್ಷಣ ಸಾಲದಲ್ಲಿ ಓದುವ ಅವಧಿ ಮತ್ತು ಅದರ ನಂತರ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಕಂತು ಇಲ್ಲವೆಂದರೆ ಬಡ್ಡಿ ಇಲ್ಲವೆಂದು ಅನೇಕರು ತಿಳಿಯುತ್ತಾರೆ. ಇದು ತಪ್ಪು. ಹಣ ಬಿಡುಗಡೆಯಾದ ದಿನದಿಂದಲೇ ಬಡ್ಡಿ ಸೇರುತ್ತದೆ.

ಎರಡನೆಯ ಸೀಟಿಗೆ ವರ್ಷಕ್ಕೆ ಒಂದೂವರೆ ಲಕ್ಷದಂತೆ ನಾಲ್ಕು ವರ್ಷದಲ್ಲಿ 6 ಲಕ್ಷ ರೂ. ಸಾಲ ಪಡೆದಿರೆನ್ನಿ. ಬಡ್ಡಿ ಶೇಕಡಾ 10 ಎಂದು ಹಿಡಿಯೋಣ. ಮೊದಲ ವರ್ಷದ ಹಣಕ್ಕೆ ಐದು ವರ್ಷದ ಬಡ್ಡಿ 75,000 ರೂ., ಎರಡನೆಯ ವರ್ಷದ್ದಕ್ಕೆ 60,000 ರೂ., ಮೂರನೆಯದಕ್ಕೆ 45,000 ರೂ., ನಾಲ್ಕನೆಯದಕ್ಕೆ 30,000 ರೂ. ಒಟ್ಟು 2,10,000 ರೂ. ಬಡ್ಡಿ. ಮೊದಲ ಕಂತು ಕಟ್ಟುವ ದಿನ ಸಾಲ 6 ಲಕ್ಷವಲ್ಲ, 8,10,000 ರೂ. ಇದನ್ನು 10 ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 10,700 ರೂ. ಕಂತು. ಕಂತು ಕಡಿಮೆಯಾಗಲೆಂದು 15 ವರ್ಷಕ್ಕೆ ಹಾಕಿಸಿಕೊಂಡರೆ ತಿಂಗಳಿಗೆ ಸುಮಾರು 8,700 ರೂ., ಆದರೆ ಒಟ್ಟು ಕಟ್ಟುವುದು 15 ಲಕ್ಷ 60 ಸಾವಿರವನ್ನೂ ಮೀರುತ್ತದೆ.

ಮೊದಲನೆಯ ಸೀಟಿಗೆ ವರ್ಷಕ್ಕೆ 50,000ದಂತೆ 2 ಲಕ್ಷ ಸಾಲ ಪಡೆದರೆ, ಕಂತು ಆರಂಭವಾಗುವಾಗ ಬಡ್ಡಿ ಸೇರಿ 2,70,000 ರೂ. 10 ವರ್ಷಕ್ಕೆ ತಿಂಗಳ ಕಂತು ಸುಮಾರು 3,570 ರೂ. ಐದೇ ವರ್ಷದಲ್ಲಿ ತೀರಿಸುವುದಾದರೆ ಸುಮಾರು 5,740 ರೂ.

ಈಗ ಇದನ್ನೇ ಹಾಲಿನಲ್ಲಿ ಅಳೆಯಿರಿ. ಹಿಂಡಿ, ಮೇವು, ಔಷಧಿ ಖರ್ಚೆಲ್ಲ ಕಳೆದು ಲೀಟರಿಗೆ 10 ರೂ. ಕೈಯಲ್ಲಿ ಉಳಿಯುತ್ತದೆ ಎಂದು ಹಿಡಿದರೆ, 10,700 ರೂ. ಕಂತಿಗೆ ದಿನಕ್ಕೆ ಸುಮಾರು 36 ಲೀಟರ್ ಹಾಲು ಹಾಕಬೇಕು. 3,570 ರೂ. ಕಂತಿಗೆ 12 ಲೀಟರ್ ಸಾಕು. ಮಗಳ ಸಂಬಳ ಸಾಲದಿದ್ದರೆ ಹತ್ತು ವರ್ಷ ಪ್ರತಿದಿನ 36 ಲೀಟರ್ ಹಾಲನ್ನು ಬ್ಯಾಂಕಿಗೇ ಸುರಿಯುವ ಶಕ್ತಿ ನಿಮ್ಮ ಕೊಟ್ಟಿಗೆಗೆ ಇದೆಯೇ? ಹಸು ಬತ್ತಿದ ತಿಂಗಳೂ, ಕಾಲುಬಾಯಿ ಜ್ವರ ಬಂದ ವರ್ಷವೂ ಕಂತು ನಿಲ್ಲುವುದಿಲ್ಲ.

ಸಂಬಳದ ನಿಜವಾದ ಲೆಕ್ಕ

ಮಧ್ಯವರ್ತಿಗಳು ತೋರಿಸುವುದು ಸರ್ಕಾರಿ ಸಂಬಳ ಅಥವಾ ವಿದೇಶದ ಸಂಬಳ. ಕೇಂದ್ರ ಸರ್ಕಾರದ ಆಸ್ಪತ್ರೆಗಳಲ್ಲಿ ನರ್ಸಿಂಗ್ ಆಫೀಸರ್ ಹುದ್ದೆಯ ಆರಂಭಿಕ ಮೂಲ ವೇತನ ಏಳನೆಯ ವೇತನ ಆಯೋಗದಂತೆ 44,900 ರೂ., ಭತ್ಯೆಗಳು ಬೇರೆ. ಇದು ಸುಳ್ಳಲ್ಲ. ಆದರೆ ಈ ಹುದ್ದೆ ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಗೆದ್ದವರಿಗೆ. ಏಮ್ಸ್ ಆಸ್ಪತ್ರೆಗಳ ನೇಮಕಕ್ಕೆ 2020ರಿಂದ ನಾರ್ಸೆಟ್ ಎಂಬ ಪರೀಕ್ಷೆ ನಡೆಯುತ್ತಿದ್ದು, ದೇಶದ ಎಲ್ಲ ಕಡೆಯ ಅಭ್ಯರ್ಥಿಗಳು ಬರೆಯುತ್ತಾರೆ. ಅಂತಹ ಕೆಲಸ ಸಿಕ್ಕರೆ ಸಂತೋಷ. ಸಿಕ್ಕೇ ಸಿಗುತ್ತದೆಂದು ಸಾಲ ಮಾಡುವುದು ಕೂಸು ಹುಟ್ಟುವ ಮೊದಲು ಕುಲಾವಿ ಹೊಲಿಸಿದಂತೆ.

ಬಹುಪಾಲು ಮಕ್ಕಳು ಮೊದಲು ಸೇರುವುದು ಖಾಸಗಿ ಆಸ್ಪತ್ರೆಗೆ. ಅಲ್ಲಿಯ ಸಂಬಳ ಎಷ್ಟು ಹಿಂದುಳಿದಿದೆ ಎಂಬುದಕ್ಕೆ ಒಂದು ಸಾಕ್ಷಿಯಿದೆ. 2016ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಖಾಸಗಿ ಆಸ್ಪತ್ರೆ ನರ್ಸುಗಳ ಸ್ಥಿತಿಗತಿ ಪರಿಶೀಲಿಸಲು ಸಮಿತಿ ರಚಿಸುವಂತೆ ಕೇಂದ್ರ ಸರ್ಕಾರಕ್ಕೆ ಸೂಚಿಸಿತು. ಆ ಸಮಿತಿಯ ಶಿಫಾರಸು ಹೀಗಿತ್ತು: 200 ಹಾಸಿಗೆ ಮೀರಿದ ಆಸ್ಪತ್ರೆಗಳು ಸರ್ಕಾರಿ ನರ್ಸುಗಳಷ್ಟೇ ಸಂಬಳ ಕೊಡಬೇಕು, 100ರಿಂದ 200 ಹಾಸಿಗೆಯವು ಅದಕ್ಕಿಂತ ಶೇಕಡಾ 10ಕ್ಕಿಂತ ಹೆಚ್ಚು ಕಡಿಮೆ ಮಾಡಬಾರದು, 50ರಿಂದ 100 ಹಾಸಿಗೆಯವು ಶೇಕಡಾ 25ಕ್ಕಿಂತ ಹೆಚ್ಚು ಕಡಿಮೆ ಮಾಡಬಾರದು, 50ಕ್ಕೂ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ 20,000 ರೂ.ಗಿಂತ ಕಡಿಮೆ ಕೊಡಬಾರದು. ಆದರೆ ಶಿಫಾರಸು ಬೇರೆ, ಕೈಗೆ ಬರುವ ಸಂಬಳ ಬೇರೆ. ಇದನ್ನು ಜಾರಿಗೆ ತರುವಂತೆ ಕೇರಳದ ನರ್ಸುಗಳು 2017ರಲ್ಲಿ ಮುಷ್ಕರ ಹೂಡಬೇಕಾಯಿತು. 2018ರ ಏಪ್ರಿಲ್‌ನಲ್ಲಿ ಆ ರಾಜ್ಯ 20,000 ರೂ. ಕನಿಷ್ಠ ವೇತನದ ಅಧಿಸೂಚನೆ ಹೊರಡಿಸಿತು.

ನಿಮ್ಮ ಮಗಳಿಗೆ ಮೊದಲ ವರ್ಷ ಎಷ್ಟು ಸಿಗಬಹುದೆಂದು ತಿಳಿಯಲು ಕರಪತ್ರ ನೋಡಬೇಡಿ. ಹಾಸನದ ಖಾಸಗಿ ಆಸ್ಪತ್ರೆಗಳಲ್ಲಿ, ಸಾಧ್ಯವಾದರೆ ಬೆಂಗಳೂರಿನ ಒಂದೆರಡು ಆಸ್ಪತ್ರೆಗಳಲ್ಲಿ, ಕಳೆದ ವರ್ಷವಷ್ಟೇ ಕೆಲಸಕ್ಕೆ ಸೇರಿದ ಮೂರು ನಾಲ್ಕು ನರ್ಸುಗಳನ್ನು ಕೇಳಿ. ನಿಮ್ಮ ಊರಿನವರೇ ಒಬ್ಬರು ಸಿಕ್ಕಾರು. ಕೇಳಬೇಕಾದದ್ದು "ಸಂಬಳ ಎಷ್ಟು" ಎಂದಲ್ಲ, "ತಿಂಗಳ ಕೊನೆಗೆ ಬ್ಯಾಂಕಿನ ಖಾತೆಗೆ ಬರುವುದೆಷ್ಟು, ರೂಮು ಊಟಕ್ಕೆ ಹೋಗಿ ಉಳಿಯುವುದೆಷ್ಟು" ಎಂದು. ಇದು ನಿಮ್ಮ ಕೈಯಿಂದಲೇ ಹಾಲು ಕರೆದು ನೋಡಿದಂತೆ.

ಹೀಗೆ ವಿಚಾರಿಸಿದಾಗ 18,000 ರೂ. ಎಂದು ತಿಳಿಯಿತೆನ್ನಿ. ಊರು ಬಿಟ್ಟು ಇರುವವರಿಗೆ ರೂಮು, ಊಟಕ್ಕೆ 8,000 ಹೋದರೆ ಉಳಿಯುವುದು 10,000. ಎರಡನೆಯ ಸೀಟಿನ 10,700 ರೂ. ಕಂತು ಇದರಲ್ಲಿ ಹೊಂದುವುದಿಲ್ಲ. ಮಗಳು ದುಡಿಯುತ್ತಿದ್ದರೂ ಮನೆಯಿಂದ ತಿಂಗಳಿಗೆ 700 ರೂ. ಕಳಿಸಬೇಕು. ಅವಳ ಕೈಯಲ್ಲಿ ಬಸ್ಸಿನ ದುಡ್ಡೂ ಇರುವುದಿಲ್ಲ. ಮೊದಲನೆಯ ಸೀಟಿನ 3,570 ರೂ. ಕಂತು ಕಟ್ಟಿದ ಮೇಲೆ 6,400 ರೂ.ಗೂ ಹೆಚ್ಚು ಉಳಿಯುತ್ತದೆ. ಓದು ಒಂದೇ, ಕೆಲಸ ಒಂದೇ. ಸಾಲ ಮಾತ್ರ ಬೇರೆ.

ನೆನಪಿಡಲು ಒಂದು ಸೂತ್ರ

ತಿಂಗಳ ಕಂತು ಮೊದಲ ಸಂಬಳದ ಮೂರನೆಯ ಒಂದು ಭಾಗವನ್ನು ಮೀರಬಾರದು. ಸಾಲ ಏಳು ವರ್ಷದೊಳಗೆ ತೀರುವಂತಿರಬೇಕು. ಹದಿನೆಂಟಕ್ಕೆ ಸೇರಿದ ಮಗು ಇಪ್ಪತ್ತೆರಡಕ್ಕೆ ಓದು ಮುಗಿಸಿ, ಇಪ್ಪತ್ತಮೂರಕ್ಕೆ ಕಂತು ಆರಂಭಿಸಿದರೆ ಮೂವತ್ತಕ್ಕೆ ಋಣಮುಕ್ತವಾಗುತ್ತದೆ.

ಈ ಸೂತ್ರದಂತೆ 18,000 ರೂ. ಸಂಬಳಕ್ಕೆ 6,000 ರೂ. ಕಂತು ಮಿತಿ. ಶೇಕಡಾ 10ರ ಬಡ್ಡಿಯಲ್ಲಿ ಹಿಂದಕ್ಕೆ ಲೆಕ್ಕ ಹಾಕಿದರೆ ನಾಲ್ಕು ವರ್ಷದಲ್ಲಿ ಪಡೆಯಬಹುದಾದ ಸಾಲ ಸುಮಾರು 2 ಲಕ್ಷ 65 ಸಾವಿರ ರೂ. ಅದಕ್ಕಿಂತ ಹೆಚ್ಚು ಬೇಕಾಗುವ ಸೀಟು ಎಷ್ಟೇ ಚೆನ್ನಾಗಿ ಕಂಡರೂ ನಿಮ್ಮ ಕುಟುಂಬಕ್ಕೆ ಭಾರವೇ. ಸಂಬಳ ಹೆಚ್ಚು ಸಿಗುವುದು ಖಾತ್ರಿಯಿದ್ದರೆ ಮಿತಿಯೂ ಅದರಂತೆ ಏರುತ್ತದೆ.

ನಾಲ್ಕನೆಯ ವರ್ಷದ ಬೆಲೆ

"ಡಿಪ್ಲೊಮಾ ಸಾಕೋ, ಪದವಿಯೇ ಬೇಕೋ" ಎಂಬುದು ಇನ್ನೊಂದು ಪ್ರಶ್ನೆ. ಜಿ.ಎನ್‌.ಎಂ. ಓದಿದವರು ಒಂದು ವರ್ಷ ಮೊದಲೇ ದುಡಿಯಲಾರಂಭಿಸುತ್ತಾರೆ. ಎರಡೂ ಕೋರ್ಸಿಗೆ ವರ್ಷಕ್ಕೆ 1,80,000 ರೂ. ಖರ್ಚು, ಜಿ.ಎನ್‌.ಎಂ. ಸಂಬಳ 16,000 ಎಂದು ಹಿಡಿದರೆ, ನಾಲ್ಕನೆಯ ವರ್ಷದ ನಿಜವಾದ ಬೆಲೆ ಆ ವರ್ಷದ ಖರ್ಚು 1,80,000 ಮತ್ತು ಕೈಬಿಟ್ಟ ಸಂಬಳ 1,92,000, ಒಟ್ಟು 3,72,000 ರೂ. ಪದವಿಯಿಂದ ತಿಂಗಳಿಗೆ 2,000 ರೂ. ಮಾತ್ರ ಹೆಚ್ಚು ಸಿಗುವುದಾದರೆ ಇದು ವಾಪಸು ಬರಲು ಹದಿನೈದು ವರ್ಷಕ್ಕೂ ಮೇಲೆ ಬೇಕು. 5,000 ರೂ. ಹೆಚ್ಚು ಸಿಗುವುದಾದರೆ ಆರು ವರ್ಷ ಚಿಲ್ಲರೆ. ಕಡಿಮೆ ಶುಲ್ಕದ ಸರ್ಕಾರಿ ಕೋಟಾ ಸೀಟು ಸಿಕ್ಕರೆ ಈ ಅವಧಿ ಇನ್ನೂ ಕಡಿಮೆಯಾಗುತ್ತದೆ.

ಹಾಗೆಂದು ಪದವಿ ಬೇಡವೆಂದಲ್ಲ. ಬೋಧಕ ವೃತ್ತಿಗೆ, ಎಂ.ಎಸ್‌ಸಿ.ಗೆ ಪದವಿ ಬೇಕು. ಗ್ರಾಮಗಳ ಆರೋಗ್ಯ ಕೇಂದ್ರಗಳ ಸಮುದಾಯ ಆರೋಗ್ಯ ಅಧಿಕಾರಿ ಹುದ್ದೆಗಳಿಗೂ ಪದವೀಧರರಿಗೆ ಅವಕಾಶವಿದೆ. ಏಮ್ಸ್ ಪರೀಕ್ಷೆಯನ್ನು ಪದವೀಧರರು ಓದು ಮುಗಿಸಿ ನೋಂದಣಿಯಾದ ಕೂಡಲೇ ಬರೆಯಬಹುದು. ಜಿ.ಎನ್‌.ಎಂ. ಆದವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ಸಿ.ಇ.ಟಿ.ಯಲ್ಲಿ ಕಡಿಮೆ ಶುಲ್ಕದ ಸೀಟು ಸಿಕ್ಕರೆ ಬಿ.ಎಸ್‌ಸಿ. ಮಾಡಿಸಿ. ಅದು ಸಿಗದೆ ದುಬಾರಿ ಸೀಟು ಮಾತ್ರ ಉಳಿದಿದ್ದರೆ, ಮಾನ್ಯತೆ ಪಡೆದ ಕಡೆ ಜಿ.ಎನ್‌.ಎಂ. ಮಾಡಿಸಿ, ಎರಡು ವರ್ಷ ದುಡಿದ ಮೇಲೆ ತನ್ನ ಸಂಬಳದಲ್ಲೇ ಪೋಸ್ಟ್ ಬೇಸಿಕ್ ಓದುವುದು ಜಾಣತನ.

ಸಾಲ ಬೇಕೇ ಬೇಕಾದರೆ

ಮೊದಲು ಸಾಲವಲ್ಲದ ನೆರವನ್ನು ಹುಡುಕಿ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕುವುದನ್ನು ಮರೆಯಬಾರದು. 2021ರಲ್ಲಿ ಆರಂಭವಾದ ರೈತರ ಮಕ್ಕಳ ವಿದ್ಯಾನಿಧಿಯಲ್ಲಿ ನರ್ಸಿಂಗ್ ಓದುವ ಹುಡುಗರಿಗೆ ವರ್ಷಕ್ಕೆ 7,500, ಹುಡುಗಿಯರಿಗೆ 8,000 ರೂ. ನಿಗದಿಯಾಗಿತ್ತು. ಈ ಸಾಲಿನಲ್ಲಿ ಅದು ಹೇಗಿದೆ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಎರಡನೆಯದು ಕಡಿಮೆ ಬಡ್ಡಿಯ ಸಾಲ. ಡಿ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮದ ಅರಿವು ಯೋಜನೆಯಲ್ಲಿ ಸಿ.ಇ.ಟಿ. ಮೂಲಕ ವೃತ್ತಿಪರ ಕೋರ್ಸಿಗೆ ಸೇರಿದವರಿಗೆ ಶೇಕಡಾ 2ರ ಬಡ್ಡಿಯಲ್ಲಿ ಸಾಲ ದೊರೆಯುತ್ತದೆ. ಇತರ ಸಮುದಾಯ ಅಭಿವೃದ್ಧಿ ನಿಗಮಗಳಲ್ಲೂ ಇಂಥ ಯೋಜನೆಗಳಿವೆ. ಆದಾಯ ಮಿತಿ ಮತ್ತು ಕೊನೆಯ ದಿನಾಂಕವನ್ನು ಹಾಸನದ ಜಿಲ್ಲಾ ಕಚೇರಿಯಲ್ಲಿ ಕೇಳಿ.

ಮೂರನೆಯದು ಬ್ಯಾಂಕಿನ ಶಿಕ್ಷಣ ಸಾಲ. ಇದರಲ್ಲಿ ತಿಳಿದಿರಬೇಕಾದ ಅಂಶಗಳು ಹೀಗಿವೆ. 2015ರಿಂದ ಇರುವ ಸಾಲ ಖಾತರಿ ಯೋಜನೆಯಡಿ 7.5 ಲಕ್ಷ ರೂ.ವರೆಗಿನ ಸಾಲಕ್ಕೆ ಜಮೀನು, ಮನೆ ಅಡವಿಡಬೇಕಾಗಿಲ್ಲ. ವಾರ್ಷಿಕ ಆದಾಯ 4.5 ಲಕ್ಷ ರೂ. ಮೀರದ ಕುಟುಂಬದ ಮಕ್ಕಳಿಗೆ ವೃತ್ತಿಪರ ಕೋರ್ಸುಗಳಲ್ಲಿ ಓದಿನ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆ 2009ರಿಂದ ಇದೆ. ಮೇಲಿನ ಉದಾಹರಣೆಯಲ್ಲಿ ಇದು ಸಿಕ್ಕರೆ 2,10,000 ರೂ. ಉಳಿದಂತೆ. ಆದರೆ ನೀವು ಹಿಡಿಯುವ ಕಾಲೇಜಿಗೂ ಸೀಟಿಗೂ ಇದು ಅನ್ವಯವಾಗುತ್ತದೆಯೇ, ಮ್ಯಾನೇಜ್‌ಮೆಂಟ್ ಕೋಟಾ ಸೀಟಿಗೆ ಸಿಗುತ್ತದೆಯೇ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ಬ್ಯಾಂಕಿನಿಂದ ಬರವಣಿಗೆಯಲ್ಲಿ ಪಡೆಯಿರಿ.

ಸಾಲದ ಪತ್ರಕ್ಕೆ ಮಗಳ ಜೊತೆ ನೀವೂ ಸಹಿ ಹಾಕುತ್ತೀರಿ. ಅದು ನಿಮ್ಮ ಸಾಲವೂ ಹೌದು. ಕಂತು ತಪ್ಪಿದರೆ ನಾಳೆ ಹಸು ಕೊಳ್ಳಲು, ಬೆಳೆ ಸಾಲ ನವೀಕರಿಸಲು ಹೋದಾಗ ಬ್ಯಾಂಕು ಹಳೆಯ ಬಾಕಿಯನ್ನೇ ಎತ್ತಿ ತೋರಿಸುತ್ತದೆ.

ಕೈಸಾಲದ ಬಗ್ಗೆ ಒಂದೇ ಮಾತು. ನೂರಕ್ಕೆ ಮೂರು ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ ಶೇಕಡಾ 36. ಒಂದು ಲಕ್ಷಕ್ಕೆ ನಾಲ್ಕು ವರ್ಷದಲ್ಲಿ ಬಡ್ಡಿಯೇ 1,44,000 ರೂ. ಓದಿಗಾಗಿ ಈ ಸಾಲ ಎಂದಿಗೂ ಬೇಡ. ಕರೆಯುವ ಹಸು ಮಾರಿ ಮೊದಲ ವರ್ಷದ ಶುಲ್ಕ ಕಟ್ಟುವುದೂ ಬೇಡ. ಎರಡನೆಯ ವರ್ಷದ ಶುಲ್ಕ ಎಲ್ಲಿಂದ ಬರಬೇಕು?

ನೆರೆ ರಾಜ್ಯದ ಪಾಠ

ಸಾಲ ಮಾಡಿ ನರ್ಸಿಂಗ್ ಓದುವುದರಲ್ಲಿ ಕೇರಳ ನಮಗಿಂತ ಬಹಳ ಮುಂದಿತ್ತು. ಅಲ್ಲಿಯ ಸಾವಿರಾರು ಮಕ್ಕಳು ನಮ್ಮ ಬೆಂಗಳೂರು, ಮಂಗಳೂರಿನ ಕಾಲೇಜುಗಳಿಗೇ ಬಂದು ಓದಿದರು. ವಿದೇಶಕ್ಕೆ ಹೋದವರ ಸಾಲ ತೀರಿತು. ಹೋಗಲಾಗದೆ ಖಾಸಗಿ ಆಸ್ಪತ್ರೆಯ ಸಂಬಳವನ್ನೇ ನಂಬಿದ ಅನೇಕರ ಕಂತು ತಪ್ಪಿತು. ಕೊನೆಗೆ 2017ರಲ್ಲಿ ಅಲ್ಲಿಯ ಸರ್ಕಾರ ಶಿಕ್ಷಣ ಸಾಲದ ಸುಳಿಯಲ್ಲಿ ಸಿಕ್ಕ ಕುಟುಂಬಗಳ ನೆರವಿಗೆ 900 ಕೋಟಿ ರೂ.ಗಳ ಯೋಜನೆ ಪ್ರಕಟಿಸಬೇಕಾಯಿತು. ಅಲ್ಲಿ ಎಡವಿದವರು ಬುದ್ಧಿ ಇಲ್ಲದವರಲ್ಲ. ಅತಿ ಹೆಚ್ಚು ಸಂಬಳವನ್ನು ಲೆಕ್ಕಕ್ಕೆ ಹಿಡಿದು ಸಾಲ ಮಾಡಿದವರು. ಲೆಕ್ಕಕ್ಕೆ ಹಿಡಿಯಬೇಕಾದದ್ದು ಎಲ್ಲರಿಗೂ ಸಿಗುವ ಸಂಬಳವನ್ನು.

ವಿದೇಶಕ್ಕೆ ಹೋಗುವ ಆಸೆ ತಪ್ಪಲ್ಲ. ಆದರೆ ಬ್ರಿಟನ್ನಿಗೆ ಇಂಗ್ಲಿಷ್ ಪರೀಕ್ಷೆ ಮತ್ತು ವೃತ್ತಿ ಪರೀಕ್ಷೆ, ಜರ್ಮನಿಗೆ ಜರ್ಮನ್ ಭಾಷೆ ಕಲಿಕೆ, ಕೊಲ್ಲಿ ದೇಶಗಳಿಗೆ ಸಾಮಾನ್ಯವಾಗಿ ಎರಡು ವರ್ಷದ ಅನುಭವ ಬೇಕಾಗುತ್ತದೆ. ಓದು ಮುಗಿದ ಮರುದಿನವೇ ವಿಮಾನ ಹತ್ತಿಸುತ್ತೇವೆ ಎಂದವರನ್ನು ನಂಬಬಾರದು. 2015ರಿಂದ ಕೊಲ್ಲಿ ರಾಷ್ಟ್ರಗಳೂ ಸೇರಿ ಕೆಲವು ದೇಶಗಳಿಗೆ ನರ್ಸುಗಳ ನೇಮಕವನ್ನು ಸರ್ಕಾರಿ ಸಂಸ್ಥೆಗಳ ಮೂಲಕವೇ ಮಾಡಬೇಕೆಂದು ಕೇಂದ್ರ ಸರ್ಕಾರ ನಿಯಮ ತಂದದ್ದು ಇಂಥ ವಂಚನೆ ತಡೆಯಲೆಂದೇ.

ಕಾಲೇಜಿಗೆ ಹೋದಾಗ ಕೇಳಬೇಕಾದ ಪ್ರಶ್ನೆಗಳು

1. ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಮತ್ತು ವಿಶ್ವವಿದ್ಯಾಲಯದ ಈ ವರ್ಷದ ಸಂಯೋಜನೆ ಇದೆಯೇ? ಪತ್ರ ತೋರಿಸಲು ಹೇಳಿ. ಮಾನ್ಯತೆ ಇಲ್ಲದ ಕಡೆ ಓದಿದವರಿಗೆ ನೋಂದಣಿ ಸಿಗುವುದಿಲ್ಲ. ನೋಂದಣಿ ಇಲ್ಲದವರು ನರ್ಸ್ ಅಲ್ಲ.

2. ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯೇ? ಬಿ.ಎಸ್‌ಸಿ. ಕಾಲೇಜಿಗೆ 100 ಹಾಸಿಗೆಯ ಮಾತೃ ಆಸ್ಪತ್ರೆ ಇರಬೇಕೆಂಬುದು ಭಾರತೀಯ ನರ್ಸಿಂಗ್ ಕೌನ್ಸಿಲ್ ನಿಯಮ. ಬೆಳಗಿನ ಹೊತ್ತು ನೀವೇ ಹೋಗಿ ಹಾಸಿಗೆಗಳಲ್ಲಿ ರೋಗಿಗಳಿದ್ದಾರೆಯೇ ನೋಡಿ. ಖಾಲಿ ಆಸ್ಪತ್ರೆಯಲ್ಲಿ ಕೈ ಪಳಗುವುದಿಲ್ಲ, ಕೈ ಪಳಗದವರಿಗೆ ಒಳ್ಳೆಯ ಆಸ್ಪತ್ರೆ ಕೆಲಸ ಕೊಡುವುದಿಲ್ಲ.

3. ಎಲ್ಲ ವರ್ಷಗಳ ಒಟ್ಟು ಖರ್ಚೆಷ್ಟು? ಮುಂದೆ ಶುಲ್ಕ ಏರಿಸುವುದುಂಟೇ? ಬರೆದು ಸಹಿ ಮಾಡಿ ಕೊಡುತ್ತಾರೆಯೇ? ಪ್ರತಿ ಪಾವತಿಗೂ ರಸೀದಿ ಉಂಟೇ?

4. ಕಳೆದ ವರ್ಷ ಸೇರಿದವರೆಷ್ಟು, ತೇರ್ಗಡೆಯಾದವರೆಷ್ಟು, ಅವರು ಎಲ್ಲಿದ್ದಾರೆ? ಇಬ್ಬರು ಹಳೆಯ ವಿದ್ಯಾರ್ಥಿಗಳೊಂದಿಗೆ ಮಾತನಾಡಿಸಲು ಕೇಳಿ.

5. ನಡುವೆ ಬಿಟ್ಟರೆ ಎಷ್ಟು ಹಣ ವಾಪಸು? ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುತ್ತಾರೆಯೇ? ಪರಿಶೀಲನೆಗೆ ತೋರಿಸಿ, ನಕಲು ಕೊಟ್ಟು, ಮೂಲವನ್ನು ಮನೆಗೆ ತನ್ನಿ.

ಮಗಳೊಂದಿಗೆ ಕುಳಿತು ಲೆಕ್ಕ ಹಾಕಿ

ಕೊನೆಯದಾಗಿ, ಈ ಲೆಕ್ಕವನ್ನು ಮನೆಯ ಹಿರಿಯರು ಮಾತ್ರ ಹಾಕಿದರೆ ಸಾಲದು. ಸಾಲ ತೀರಿಸುವವಳು ಅವಳು. ರಾತ್ರಿ ಪಾಳಿಯಲ್ಲಿ ನಿಲ್ಲುವವಳೂ ಅವಳೇ. ರಕ್ತ, ಗಾಯ, ಸಾವು ಕಂಡು ಹಿಂಜರಿಯದ ಮನಸ್ಸು ಅವಳಿಗಿದೆಯೇ ಎಂಬುದನ್ನು ಮೊದಲು ಕೇಳಿ. ಅರಸೀಕೆರೆ, ಬೇಲೂರಿನ ತಾಲ್ಲೂಕು ಆಸ್ಪತ್ರೆಗೋ ಹಳೇಬೀಡಿನ ಸರ್ಕಾರಿ ಆಸ್ಪತ್ರೆಗೋ ಕರೆದೊಯ್ದು ಅಲ್ಲಿಯ ಸಿಸ್ಟರ್ ಜೊತೆ ಅರ್ಧ ಗಂಟೆ ಮಾತನಾಡಲು ಬಿಡಿ. ಇಷ್ಟವಿಲ್ಲದೆ ಸೇರಿ ಎರಡನೆಯ ವರ್ಷದಲ್ಲಿ ಬಿಟ್ಟು ಬಂದರೆ ಓದೂ ಇಲ್ಲ, ಸಂಬಳವೂ ಇಲ್ಲ. ಸಾಲ ಮಾತ್ರ ಉಳಿಯುತ್ತದೆ.

"ನಾಳೆ ಮದುವೆಯಾಗಿ ಹೋಗುವವಳು, ಕಂತು ಯಾರು ಕಟ್ಟುತ್ತಾರೆ?" ಎಂದು ಕೆಲವರು ಕೇಳುತ್ತಾರೆ. ಸಾಲ ಚಿಕ್ಕದಾಗಿದ್ದರೆ ಈ ಪ್ರಶ್ನೆಯೇ ಚಿಕ್ಕದಾಗುತ್ತದೆ. ದೊಡ್ಡ ಸಾಲ ಹೊತ್ತ ಮಗಳು ಕೆಲಸ ಬದಲಿಸಲು, ಪರೀಕ್ಷೆಗೆ ಓದಲು, ತನಗೊಪ್ಪದ ಮದುವೆಗೆ ಬೇಡವೆನ್ನಲು ಹಿಂದೆ ಮುಂದೆ ನೋಡಬೇಕಾಗುತ್ತದೆ. ಚಿಕ್ಕ ಸಾಲದವಳು ತನ್ನ ಕಾಲ ಮೇಲೆ ನಿಲ್ಲುತ್ತಾಳೆ. ಆದ್ದರಿಂದ ಕಡಿಮೆ ಖರ್ಚಿನ ಸೀಟು ಹುಡುಕುವ ತಂದೆ ತಾಯಿ ಜಿಪುಣರಲ್ಲ. ಮಗಳ ಮುಂದಿನ ಹತ್ತು ವರ್ಷಗಳನ್ನು ಅವಳ ಕೈಗೇ ಕೊಡುವವರು.

ಪ್ರತಿದಿನ ಹಾಲಿನ ಡಿಗ್ರಿ, ಜಿಡ್ಡು ನೋಡಿ, ಚೀಟಿ ಓದಿ, ಬಟವಾಡೆಯ ದಿನ ಪೈಸೆ ಪೈಸೆ ತಾಳೆ ಹಾಕುವವರು ನೀವು. ಅದೇ ಚೀಟಿಯ ಹಿಂಬದಿಯಲ್ಲಿ ಒಂದು ಸಂಜೆ ಮೂರು ಅಂಕಿ ಬರೆಯಿರಿ: ಓದು ಮುಗಿಯುವಾಗಿನ ಒಟ್ಟು ಸಾಲ, ತಿಂಗಳ ಕಂತು, ವಿಚಾರಿಸಿ ತಿಳಿದ ಮೊದಲ ಸಂಬಳ. ಕಂತು ಸಂಬಳದ ಮೂರನೆಯ ಒಂದು ಭಾಗದೊಳಗಿದ್ದರೆ ಧೈರ್ಯವಾಗಿ ಸೇರಿಸಿ. ಮೀರಿದ್ದರೆ ಬೇರೆ ಸೀಟು ಹುಡುಕಿ. ಕೋರ್ಸುಗಳ ವಿವರ, ಬ್ಯಾಂಕಿನ ನಿಯಮಗಳು ತಿಳಿಯದಿದ್ದರೆ ಸಂಕೋಚಪಡದೆ ನಿಮ್ಮ ಸಂಘದ ಕಾರ್ಯದರ್ಶಿಯವರನ್ನೂ, ಊರಿನ ಶಾಲೆಯ ಗುರುಗಳನ್ನೂ ಕೇಳಿ. ಮುಂಗಡ ಕಟ್ಟಿದ ಮೇಲೆ ಕೇಳುವುದಕ್ಕಿಂತ ಮೊದಲು ಕೇಳುವುದು ಲೇಸು.